ಗಾಳಿಯಂತ್ರದಲ್ಲಿ ಹೊಸದೇನು? ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದಿಂದ ಚನ್ನಗಿರಿ, ಹೊಳಲ್ಕೆರೆ ದಾಟಿ ಚಿತ್ರದುರ್ಗಕ್ಕೆ ಹೋದವರು ಗುಡ್ಡದ ಸಾಲಿನಲ್ಲಿ ತಿರುಗುವ ಯಂತ್ರಗಳನ್ನು ನೋಡಿಯೇ ಇರುತ್ತೀರಿ. ಊರಿಗೆ ವಾಪಸ್ ಬಂದ ಮೇಲೆ ಪ್ರಶ್ನೆಗಳು ಶುರುವಾಗುತ್ತವೆ. ತೀರ್ಥಹಳ್ಳಿ, ಸಾಗರ, ಹೊಸನಗರದ ತೋಟದವರು, ಇಂಜಿನಿಯರಿಂಗ್ ಓದುವ ಹುಡುಗರು, ಹೈಸ್ಕೂಲ್ ಮೇಷ್ಟ್ರುಗಳು ಕೇಳಿದ್ದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಕೆಲವಕ್ಕೆ ಉದ್ದದ ಉತ್ತರ, ಕೆಲವಕ್ಕೆ ಎರಡೇ ಮಾತು.

ಹಳೆಯದೂ ಹೊಸದೂ ನೋಡೋಕೆ ಒಂದೇ ಥರ ಇವೆ. ಕಂಡುಹಿಡಿದದ್ದಾದರೂ ಏನು?

ನೋಟ ಜಾಸ್ತಿ ಬದಲಾಗಿಲ್ಲ, ನಿಜ. 1957ರಲ್ಲಿ ಡೆನ್ಮಾರ್ಕಿನ ಗೆಡ್ಸರ್ ಎಂಬಲ್ಲಿ ಯೊಹಾನೆಸ್ ಯೂಲ್ ಎಂಬ ಇಂಜಿನಿಯರ್ ಒಂದು ಯಂತ್ರ ನಿಲ್ಲಿಸಿದರು. ಅದಕ್ಕೂ ಮೂರೇ ರೆಕ್ಕೆ. ವ್ಯಾಸ 24 ಮೀಟರ್, ಸಾಮರ್ಥ್ಯ 200 ಕಿಲೋವಾಟ್. ಇವತ್ತು ಸಮುದ್ರದಲ್ಲಿ ನಿಲ್ಲಿಸುವ ಒಂದು ದೊಡ್ಡ ಮಾದರಿಯ ವ್ಯಾಸ 236 ಮೀಟರ್, ಸಾಮರ್ಥ್ಯ 15 ಮೆಗಾವಾಟ್.

ಹಳೇ ನಕ್ಷೆಯನ್ನೇ ಹತ್ತು ಪಟ್ಟು ಹಿಗ್ಗಿಸಿದರೆ ಇದು ಆಗುವುದಿಲ್ಲ. ರೆಕ್ಕೆ ಉದ್ದವಾದಂತೆ ಅದು ಹಿಡಿಯುವ ಗಾಳಿ ಉದ್ದದ ವರ್ಗದಷ್ಟು ಹೆಚ್ಚುತ್ತದೆ. ಆದರೆ ತೂಕ ಹೆಚ್ಚುಕಮ್ಮಿ ಘನದಷ್ಟು ಏರುತ್ತದೆ. ಅಂದರೆ ದೊಡ್ಡದು ಮಾಡಿದಷ್ಟೂ ನಷ್ಟ. ಈ ಲೆಕ್ಕವನ್ನು ಸೋಲಿಸಿದ್ದೇ ನಿಜವಾದ ಆವಿಷ್ಕಾರ. ಫೈಬರ್ ಗ್ಲಾಸ್, ಅದರ ನಡುವೆ ಹಗುರವಾದ ಬಾಲ್ಸಾ ಮರದ ಹಲಗೆ, ಉದ್ದಕ್ಕೂ ಕಾರ್ಬನ್ ಫೈಬರ್ ಪಟ್ಟಿ, ಬುಡದಲ್ಲಿ ರೆಕ್ಕೆಯನ್ನು ತಿರುಗಿಸುವ ಬೇರಿಂಗ್, ಕಂಬದ ತುದಿಯ ಪೆಟ್ಟಿಗೆಯೊಳಗೆ ಎಲೆಕ್ಟ್ರಾನಿಕ್ಸ್. ಆ ಪೆಟ್ಟಿಗೆಗೆ ನಸೆಲ್ ಅಂತಾರೆ. ಇದ್ಯಾವುದೂ ರಸ್ತೆಯಲ್ಲಿ ಹೋಗುವವರಿಗೆ ಕಾಣುವುದಿಲ್ಲ. ಹಾಗಾಗಿ ಯಾರಾದರೂ ಹೊಸ ವಿನ್ಯಾಸ ತಂದರೆ ನಾನು ಆಕಾರ ನೋಡುವುದಿಲ್ಲ. "ಇದು ಯಾವ ತೊಂದರೆಗೆ ಮದ್ದು?" ಅಂತ ಕೇಳುತ್ತೇನೆ.

ಗಾಳಿಯಿಂದ ಮೊದಲು ಕರೆಂಟ್ ತೆಗೆದವರು ಯಾರು?

1887ರಲ್ಲಿ ಸ್ಕಾಟ್ಲೆಂಡಿನ ಮೇಷ್ಟ್ರು ಜೇಮ್ಸ್ ಬ್ಲೈತ್ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ಮೇರಿಕರ್ಕ್ ಎಂಬ ಹಳ್ಳಿಯಲ್ಲಿ ರಜೆಗೆ ಬಂದು ಉಳಿಯುವ ಮನೆ ಇತ್ತು. ಅಲ್ಲಿ ಬಟ್ಟೆಯ ಪಟ ಕಟ್ಟಿದ ಯಂತ್ರದಿಂದ ಬ್ಯಾಟರಿ ತುಂಬಿಸಿ ದೀಪ ಹಚ್ಚಿದರು. ಉಳಿದ ಕರೆಂಟನ್ನು ಊರ ಬೀದಿಗೆ ಕೊಡುತ್ತೇನೆ ಅಂದಾಗ ಊರವರು ಇದು ಸೈತಾನನ ಕೆಲಸ ಅಂತ ಬೇಡ ಅಂದರಂತೆ. ಅದೇ ಹೊತ್ತಿನಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಚಾರ್ಲ್ಸ್ ಬ್ರಷ್ ತಮ್ಮ ಮನೆ ಹಿತ್ತಲಲ್ಲಿ ಒಂದು ದೈತ್ಯ ಯಂತ್ರ ಕಟ್ಟಿದರು. 17 ಮೀಟರ್ ವ್ಯಾಸ, ದೇವದಾರು ಜಾತಿಯ ಮರದ 144 ರೆಕ್ಕೆ. ಸಿಕ್ಕಿದ್ದು ಬರೀ 12 ಕಿಲೋವಾಟ್.

ಆ ಎರಡಕ್ಕಿಂತ ನನಗೆ ಮುಖ್ಯ ಅನಿಸುವುದು ಡೆನ್ಮಾರ್ಕಿನ ಪಾಲ್ ಲಾ ಕೂರ್. ಅಸ್ಕೋವ್ ಎಂಬ ಊರಿನ ಶಾಲೆಯಲ್ಲಿ 1891ರಿಂದ ಗಾಳಿಯಂತ್ರ ಇಟ್ಟುಕೊಂಡು, ಗಾಳಿ ಸುರಂಗ ಕಟ್ಟಿ, ರೆಕ್ಕೆಯ ಮಾದರಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದರು. ಕರೆಂಟಿಗೆ ಬೇಕಾದದ್ದು ರೆಕ್ಕೆಗಳ ರಾಶಿ ಅಲ್ಲ, ಜೋರಾಗಿ ತಿರುಗುವ ಕೆಲವೇ ರೆಕ್ಕೆ ಅಂತ ತೋರಿಸಿದ್ದು ಅವರೇ.

ಹಾಗಾದರೆ ಮೂರೇ ಯಾಕೆ? ಎರಡಾದರೆ ಖರ್ಚು ಉಳಿಯುತ್ತಲ್ವಾ?

ಉಳಿಯುತ್ತದೆ. ಎರಡು ರೆಕ್ಕೆಯದ್ದನ್ನು ಮಾಡಿಯೂ ಇದ್ದಾರೆ. ಜರ್ಮನಿಯ ಉಲ್ರಿಶ್ ಹ್ಯೂಟರ್ 1950ರ ದಶಕದಲ್ಲೇ ಫೈಬರ್ ಗ್ಲಾಸಿನ ಎರಡು ರೆಕ್ಕೆಯ 100 ಕಿಲೋವಾಟ್ ಯಂತ್ರ ಮಾಡಿದ್ದರು. ತೊಂದರೆ ಎಲ್ಲಿ ಬರುತ್ತದೆ ಅಂದರೆ, ಗಾಳಿ ದಿಕ್ಕು ಬದಲಿಸಿದಾಗ ನಸೆಲ್ ಕೂಡ ತಿರುಗಬೇಕು. ಎರಡು ರೆಕ್ಕೆ ನೆಟ್ಟಗೆ ನಿಂತಾಗ ತಿರುಗಿಸುವುದು ಸಲೀಸು, ಅಡ್ಡ ಬಂದಾಗ ಕಷ್ಟ. ಪ್ರತಿ ಸುತ್ತಿಗೂ ಎರಡು ಸಲ ಈ ಜಗ್ಗಾಟ ಕಂಬಕ್ಕೆ ಬಡಿಯುತ್ತದೆ. ಹ್ಯೂಟರ್ ಅದಕ್ಕೇ ರೆಕ್ಕೆಗಳು ಸ್ವಲ್ಪ ಹಿಂದೆ ಮುಂದೆ ವಾಲುವಂಥ ಹಬ್ (ರೆಕ್ಕೆಗಳ ಬುಡ ಸೇರುವ ನಡುಭಾಗ) ಮಾಡಿದರು. ಚೆನ್ನಾಗಿತ್ತು, ಆದರೆ ಸವೆಯುವ ಭಾಗ ಒಂದು ಹೆಚ್ಚಾಯಿತು. ಮೂರರಲ್ಲಿ ಭಾರ ತಾನಾಗೇ ಸಮ. ನಾಲ್ಕನೆಯದು ಸೇರಿಸಿದರೆ ಸಿಗುವ ಲಾಭ ಅದರ ಬೆಲೆಗೆ ಸಾಲದು.

ಗಾಳಿಯ ಶಕ್ತಿಯಲ್ಲಿ 90 ಪರ್ಸೆಂಟ್ ಹಿಡಿಯುವ ಯಂತ್ರ ಬಂದಿದೆಯಂತೆ, ಹೌದಾ?

ಇಲ್ಲ. ಬರುವುದೂ ಇಲ್ಲ. ಆಲ್ಬರ್ಟ್ ಬೆಟ್ಜ್ ಎಂಬ ಜರ್ಮನ್ ವಿಜ್ಞಾನಿ ಸುಮಾರು ನೂರು ವರ್ಷದ ಹಿಂದೆಯೇ ಲೆಕ್ಕ ಹಾಕಿಟ್ಟಿದ್ದಾರೆ. ತೆರೆದ ಗಾಳಿಯಲ್ಲಿ ತಿರುಗುವ ಯಾವ ಯಂತ್ರಕ್ಕೂ ಸಿಗುವುದು ಹೆಚ್ಚೆಂದರೆ 27ರಲ್ಲಿ 16 ಪಾಲು, ಅಂದರೆ ಶೇ 59.3. ಎಲ್ಲ ಶಕ್ತಿ ಕಿತ್ತುಕೊಂಡರೆ ರೆಕ್ಕೆಯ ಹಿಂದೆ ಗಾಳಿ ನಿಂತೇ ಹೋಗುತ್ತದೆ. ಆಮೇಲೆ ಬರುವ ಗಾಳಿಗೆ ದಾರಿ ಇಲ್ಲ. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಮುಂದಿನವರು ನಿಂತುಬಿಟ್ಟರೆ ಹಿಂದಿನವರು ಪಕ್ಕದ ಓಣಿಗೆ ತಿರುಗಿಕೊಳ್ಳುವ ಹಾಗೆ, ಗಾಳಿಯೂ ಯಂತ್ರವನ್ನು ಬಿಟ್ಟು ಸುತ್ತಿ ಹೋಗುತ್ತದೆ. ಇವತ್ತಿನ ಒಳ್ಳೆ ಯಂತ್ರಗಳು ಶೇ 45ರಿಂದ 50ರವರೆಗೆ ಮುಟ್ಟುತ್ತವೆ. ರೆಕ್ಕೆಯ ಆಕಾರ ತಿದ್ದಿ ಇನ್ನು ಗಳಿಸುವುದಕ್ಕೆ ಉಳಿದಿರುವುದು ಸ್ವಲ್ಪವೇ.

ಬಿರುಗಾಳಿ ಬಂದರೆ ಹಾರಿ ಹೋಗಲ್ವಾ?

ಹಾರಿ ಹೋದದ್ದೂ ಇದೆ. 1941ರಲ್ಲಿ ಅಮೆರಿಕದ ವರ್ಮಾಂಟ್‌ನ ಒಂದು ಗುಡ್ಡದ ಮೇಲೆ 1.25 ಮೆಗಾವಾಟಿನ ಯಂತ್ರ ನಿಲ್ಲಿಸಿದ್ದರು. ಆ ಕಾಲಕ್ಕೆ ಜಗತ್ತಿನಲ್ಲೇ ದೊಡ್ಡದು. 1945ರ ಮಾರ್ಚ್‌ನಲ್ಲಿ ಅದರ ಉಕ್ಕಿನ ರೆಕ್ಕೆಯೊಂದು ಬುಡದಲ್ಲೇ ಮುರಿದು ಹಾರಿತು. ಬುಡದಲ್ಲಿ ಲೋಹ ದಣಿದಿರುವುದು ಮೊದಲೇ ಗೊತ್ತಿತ್ತು. ಯುದ್ಧಕಾಲ, ರಿಪೇರಿಗೆ ಸಾಮಾನು ಸಿಗಲಿಲ್ಲ.

ಯೂಲ್ ಗೆಡ್ಸರ್ ಯಂತ್ರಕ್ಕೆ ಎರಡು ಸರಳ ಉಪಾಯ ಮಾಡಿದರು. ಒಂದು, ಗಾಳಿ ಒಂದು ಮಿತಿ ದಾಟಿದರೆ ರೆಕ್ಕೆ ತಾನಾಗೇ ಹಿಡಿತ ಕಳೆದುಕೊಳ್ಳುವ ಹಾಗೆ ಅದರ ಕೋನ ಇಟ್ಟರು. ಇನ್ನೊಂದು, ತಿರುಗುವ ವೇಗ ಮಿತಿಮೀರಿದರೆ ರೆಕ್ಕೆಯ ತುದಿ ಮಾತ್ರ ಅಡ್ಡ ತಿರುಗಿ ಬ್ರೇಕ್ ಆಗುತ್ತಿತ್ತು. ಆ ಯಂತ್ರ 1967ರವರೆಗೆ ಓಡಿತು. ಈಗಿನದರಲ್ಲಿ ಇಡೀ ರೆಕ್ಕೆಯನ್ನೇ ಬುಡದಲ್ಲಿ ತಿರುಗಿಸುತ್ತಾರೆ. ಗಾಳಿ ಸೆಕೆಂಡಿಗೆ 3 ಮೀಟರ್ ಆಸುಪಾಸಿಗೆ ಬಂದಾಗ ಕೆಲಸ ಶುರು, 25 ಮೀಟರ್ ದಾಟಿದರೆ ಸಾಮಾನ್ಯವಾಗಿ ಬಂದ್. ಲೈನ್ ಹೋದರೂ ರೆಕ್ಕೆ ತಿರುಗಿಸಿ ನಿಲ್ಲಿಸಲು ಹಬ್ ಒಳಗೇ ಬ್ಯಾಟರಿ ಇರುತ್ತದೆ. ಯಂತ್ರದಲ್ಲಿ ಒಂದೇ ಒಂದು ಆವಿಷ್ಕಾರ ಉಳಿಸಿಕೊಳ್ಳಿ ಅಂದರೆ ನಾನು ರೆಕ್ಕೆಯನ್ನು ಬುಡದಲ್ಲಿ ತಿರುಗಿಸುವ ಈ ಉಪಾಯವನ್ನೇ ಇಟ್ಟುಕೊಳ್ಳುತ್ತೇನೆ.

ಗೇರ್‌ಬಾಕ್ಸ್ ಇಲ್ಲದ ಯಂತ್ರಗಳೂ ಇವೆಯಂತೆ?

ಇವೆ. ದೊಡ್ಡ ರೆಕ್ಕೆ ನಿಮಿಷಕ್ಕೆ ಹತ್ತು ಹದಿನೈದು ಸುತ್ತು ತಿರುಗುತ್ತದೆ. ಸಾಮಾನ್ಯ ಜನರೇಟರ್‌ಗೆ ಬೇಕಾದದ್ದು 1500ರ ಆಸುಪಾಸು. ನಡುವೆ ಗೇರ್‌ಬಾಕ್ಸ್ ಬೇಕು. ನೂರು ಮೀಟರ್ ಮೇಲೆ ಅದು ಕೆಟ್ಟರೆ ಕ್ರೇನ್ ಬಾಡಿಗೆಯೇ ಬೆವರಿಳಿಸುತ್ತದೆ. ಜರ್ಮನಿಯ ಎನರ್‌ಕಾನ್ ಕಂಪನಿ 1990ರ ದಶಕದ ಆರಂಭದಲ್ಲಿ ಗೇರ್ ಕಿತ್ತುಹಾಕಿ, ದೊಡ್ಡ ಉಂಗುರದಂಥ ಜನರೇಟರನ್ನು ನೇರವಾಗಿ ಹಬ್‌ಗೇ ಜೋಡಿಸಿತು. ತೂಕ ಹೆಚ್ಚು, ಕಿರಿಕಿರಿ ಕಡಿಮೆ.

ಇಲ್ಲೊಂದು ಪೇಟೆಂಟ್ ಜಗಳದ ಕಥೆ ಇದೆ. ಗಾಳಿ ಬಂದ ಹಾಗೆ ರೆಕ್ಕೆಯ ವೇಗ ಬದಲಾಗಲಿ, ಎಲೆಕ್ಟ್ರಾನಿಕ್ಸ್ ಅದನ್ನು ತಿದ್ದಿ ಸರಿಯಾದ ಕರೆಂಟ್ ಮಾಡಿ ಲೈನಿಗೆ ಕೊಡಲಿ ಅನ್ನುವುದು ಒಂದು ದೊಡ್ಡ ಉಪಾಯ. ಇಂಥ ವ್ಯವಸ್ಥೆಗೆ ಅಮೆರಿಕದ ಕೆನೆಟೆಕ್ ಬಳಗಕ್ಕೆ 1992ರಲ್ಲಿ ಪೇಟೆಂಟ್ ಸಿಕ್ಕಿತು. ಅದನ್ನು ಹಿಡಿದು ಅವರು ಎನರ್‌ಕಾನ್ ಯಂತ್ರಗಳು ಅಮೆರಿಕಕ್ಕೆ ಬಾರದಂತೆ ತಡೆ ತಂದರು. ತಮಾಷೆ ಅಂದರೆ 1996ರಲ್ಲಿ ಕೆನೆಟೆಕ್ಕೇ ದಿವಾಳಿ. ಪೇಟೆಂಟ್ ಮಾತ್ರ ಕೈಯಿಂದ ಕೈಗೆ ಹೋಗಿ, ಎನ್ರಾನ್ ಕಂಪನಿ ದಾಟಿ, 2002ರಲ್ಲಿ ಜನರಲ್ ಎಲೆಕ್ಟ್ರಿಕ್ ಪಾಲಾಯಿತು. ಕಂಪನಿ ಸತ್ತರೂ ಕಾಗದ ಬದುಕಿತ್ತು.

ನಮ್ಮ ಮಳೆಗೆ ಈ ರೆಕ್ಕೆಗಳು ತಡೆಯುತ್ತವಾ?

ಇದು ಮಲೆನಾಡಿನವರೇ ಕೇಳಬೇಕಾದ ಪ್ರಶ್ನೆ. ರೆಕ್ಕೆಯ ತುದಿ ಸೆಕೆಂಡಿಗೆ 80ರಿಂದ 90 ಮೀಟರ್ ವೇಗದಲ್ಲಿ ಹೋಗುತ್ತದೆ. ಗಂಟೆಗೆ ಸುಮಾರು 300 ಕಿಲೋಮೀಟರ್. ಆ ವೇಗದಲ್ಲಿ ಎದುರಾದ ಮಳೆಹನಿ ನೀರಿನ ಹಾಗೆ ವರ್ತಿಸುವುದಿಲ್ಲ, ಸುತ್ತಿಗೆಯ ಹಾಗೆ ಬಡಿಯುತ್ತದೆ. ಒಂದು ಹನಿಯಿಂದ ಏನೂ ಆಗುವುದಿಲ್ಲ. ಒಂದೇ ಜಾಗಕ್ಕೆ ಲಕ್ಷಾಂತರ ಹನಿ ಬಿದ್ದಾಗ ಮೇಲಿನ ಪದರ ದಣಿಯುತ್ತದೆ.

ಇದು ಆಗುವುದು ಹಂತ ಹಂತವಾಗಿ. ಮೊದಲು ಮುಂದಿನ ಅಂಚಿನ ಪೇಂಟಿನಲ್ಲಿ ಸೂಜಿ ಚುಚ್ಚಿದಷ್ಟು ತೂತು. ಬೆರಳಾಡಿಸಿದರೆ ಗರಗರ ಅನ್ನುತ್ತದೆ, ಅಷ್ಟೇ. ಆಮೇಲೆ ತೂತುಗಳು ಕೂಡಿ ಗುಳಿ. ಗುಳಿಯಲ್ಲಿ ಪೇಂಟಿನ ಕೆಳಗಿನ ಫಿಲ್ಲರ್ ಕಾಣುತ್ತದೆ, ಅದೂ ಚಕ್ಕೆ ಎದ್ದು ಹೋಗುತ್ತದೆ. ಕೊನೆಗೆ ಫೈಬರ್ ಗ್ಲಾಸಿನ ಎಳೆಯೇ ಹೊರಗೆ. ನಯವಾದ ಅಂಚು ಹೀಗೆ ಒರಟಾದರೆ ಗಾಳಿ ರೆಕ್ಕೆಯ ಮೈಗೆ ಅಂಟಿ ಹರಿಯುವುದಿಲ್ಲ. ಯಂತ್ರ ತಿರುಗುತ್ತಲೇ ಇರುತ್ತದೆ, ಯೂನಿಟ್ ಮಾತ್ರ ಕಡಿಮೆ.

ಮದ್ದು ನೋಡೋಕೆ ಬಡಪಾಯಿ: ಪಾಲಿಯುರೇಥೇನ್ ಟೇಪು, ಅದೇ ಜಾತಿಯ ರಬ್ಬರಿನಂಥ ಪೇಂಟು, ಅಂಚಿಗೆ ತೊಡಿಸುವ ಮೆತ್ತನೆ ಕವಚ. ಹನಿಯ ಪೆಟ್ಟನ್ನು ನುಂಗಿ ಮತ್ತೆ ಮೊದಲಿನಂತಾಗುವ ಗುಣ ಇವಕ್ಕಿದೆ. ಹಗ್ಗಕ್ಕೆ ಜೋತುಬಿದ್ದ ಕೆಲಸಗಾರರು ಇವನ್ನು ಹಚ್ಚುತ್ತಾರೆ. ಈಗ ರೋಬೋಟ್‌ಗಳೂ ಬಂದಿವೆ. ಇನ್ನೊಂದು ಉಪಾಯಕ್ಕೆ ಸಾಮಾನೇ ಬೇಡ. ಧಾರಾಕಾರ ಮಳೆ ಇದ್ದಷ್ಟು ಹೊತ್ತು ಯಂತ್ರದ ವೇಗ ತಗ್ಗಿಸುವುದು. ಸ್ವಲ್ಪ ಕರೆಂಟ್ ಹೋಗುತ್ತದೆ, ರೆಕ್ಕೆಯ ಆಯುಸ್ಸು ಉಳಿಯುತ್ತದೆ. ವರ್ಷಕ್ಕೆ 7000 ಮಿಲಿಮೀಟರ್ ಮಳೆ ಕಾಣುವ ಆಗುಂಬೆಯಂಥ ಕಡೆ ಇದು ಬೇಕೇ ಬೇಕಾಗುತ್ತಿತ್ತು.

ಸಿಡಿಲು?

ಎತ್ತರದ ಕಂಬ, ಬಯಲು ಗುಡ್ಡ. ಹೊಡೆಯದೆ ಇರುತ್ತದಾ? ರೆಕ್ಕೆಯ ತುದಿಯ ಹತ್ತಿರ ಕಾಸಿನಗಲದ ಲೋಹದ ಬಿಲ್ಲೆ ಕೂರಿಸಿರುತ್ತಾರೆ. ಅಲ್ಲಿಂದ ಒಳಗೇ ದಪ್ಪ ತಂತಿ, ಹಬ್ ದಾಟಿ, ಕಂಬ ಇಳಿದು ಭೂಮಿಗೆ. ದಾರಿ ಸರಿ ಇದ್ದರೆ ಸಿಡಿಲು ಹಾಗೇ ಇಳಿದುಹೋಗುತ್ತದೆ. ದಾರಿ ತಪ್ಪಿದರೆ ರೆಕ್ಕೆಯೊಳಗಿನ ತೇವ ಒಮ್ಮೆಲೇ ಹಬೆಯಾಗಿ ರೆಕ್ಕೆ ಸೀಳುತ್ತದೆ.

ಚಿತ್ರದುರ್ಗ, ಗದಗದಲ್ಲಿ ಅಷ್ಟೊಂದು ಇವೆ. ಕೊಡಚಾದ್ರಿ ಮೇಲೆ ಯಾಕಿಲ್ಲ? ಅಲ್ಲಿ ಗಾಳಿ ನಿಲ್ಲೋಕೂ ಬಿಡಲ್ಲ!

ಗಾಳಿ ಇದೆ. ಆದರೆ ಬರೀ ಗಾಳಿ ಇದ್ದರೆ ಸಾಲದು. ಮೂರು ಅಡ್ಡಿ.

ಮೊದಲನೆಯದು ಗಾಳಿಯ ಗುಣ. ಬಯಲುಸೀಮೆಯ ಬೋಳು ಗುಡ್ಡದ ಮೇಲೆ ಗಾಳಿ ನಯವಾಗಿ ಹರಿಯುತ್ತದೆ. ಇಲ್ಲಿ ಕಡಿದಾದ ಘಟ್ಟ, ಕೆಳಗೆ ದಟ್ಟ ಕಾಡು. ಗಾಳಿ ಸುರುಳಿ ಸುತ್ತುತ್ತದೆ. ರೆಕ್ಕೆಯ ಮೇಲ್ತುದಿಗೆ ಒಂದು ವೇಗ, ಕೆಳತುದಿಗೆ ಇನ್ನೊಂದು. ಯಂತ್ರ ಬೇಗ ಸವೆಯುತ್ತದೆ.

ಎರಡನೆಯದು ರಸ್ತೆ. ಈಗ ನೆಲದ ಮೇಲಿನ ಯಂತ್ರದ ಒಂದು ರೆಕ್ಕೆಯೇ 70 ಮೀಟರ್ ದಾಟುತ್ತದೆ. ಆಗುಂಬೆ ಘಾಟಿಯ ತಿರುವಿನಲ್ಲಿ ಬಸ್ಸು ತಿರುಗುವುದೇ ಕಷ್ಟ. ಇದಕ್ಕೂ ಆವಿಷ್ಕಾರ ಆಗಿದೆ. ಎರಡು ತುಂಡು ತಂದು ಸ್ಥಳದಲ್ಲೇ ಜೋಡಿಸುವ ರೆಕ್ಕೆ ಇದೆ. ರೆಕ್ಕೆಯನ್ನು ಬುಡದಲ್ಲಿ ಹಿಡಿದು ಮೇಲಕ್ಕೆ ಎತ್ತಿಕೊಂಡೇ ತಿರುವು ದಾಟುವ ಟ್ರೇಲರ್ ಇದೆ. ಆದರೂ ಕ್ರೇನ್ ಹೋಗುವಷ್ಟು ಅಗಲದ ರಸ್ತೆ ಕಡಿಯಲೇಬೇಕು.

ಮೂರನೆಯದೇ ದೊಡ್ಡದು. ಕೊಡಚಾದ್ರಿ ಇರುವುದು ಮೂಕಾಂಬಿಕಾ ಅಭಯಾರಣ್ಯದಲ್ಲಿ. ಆಗುಂಬೆ, ಸೋಮೇಶ್ವರ, ಕುದುರೆಮುಖದ ಕಾಡು 2012ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಹಾರಾಷ್ಟ್ರದ ಪಶ್ಚಿಮ ಘಟ್ಟದ ಚಾಳ್ಕೇವಾಡಿಯಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಯಂತ್ರಗಳಿದ್ದ ಕಡೆ ಬೇಟೆಯಾಡುವ ಹಕ್ಕಿಗಳು ಇಲ್ಲದ ಕಡೆಗಿಂತ ಸುಮಾರು ನಾಲ್ಕು ಪಟ್ಟು ಕಡಿಮೆ. ಅವುಗಳ ಬಾಯಿಗೆ ಬೀಳಬೇಕಿದ್ದ ಹಲ್ಲಿ ಜಾತಿಯ ಪ್ರಾಣಿಗಳು ಜಾಸ್ತಿ. ನಾರ್ವೆಯಲ್ಲಿ ಮೂರರಲ್ಲಿ ಒಂದು ರೆಕ್ಕೆಗೆ ಕಪ್ಪು ಬಣ್ಣ ಬಳಿದಾಗ ಹಕ್ಕಿಗಳ ಸಾವು ಶೇ 70ಕ್ಕೂ ಹೆಚ್ಚು ಇಳಿಯಿತು. ಆದರೆ ಬಣ್ಣ ಬಳಿದದ್ದು ನಾಲ್ಕೇ ಯಂತ್ರಕ್ಕೆ. ಅಷ್ಟನ್ನೇ ನಂಬಿ ಮಂಗಟ್ಟೆ ಹಕ್ಕಿಗಳಿರುವ ಕಾಡಿಗೆ ಕೈ ಹಾಕಬಾರದು ಅನ್ನುವುದು ನನ್ನ ಅಭಿಪ್ರಾಯ. ಬಯಲುಸೀಮೆಯ ಯಂತ್ರಗಳಿಂದಲೇ ನಮಗೂ ಲಾಭ ಇದೆ. ಮಳೆಗಾಲದಲ್ಲಿ ಗಾಳಿ ಜೋರಾಗಿ ಅವು ಹೆಚ್ಚು ಕರೆಂಟ್ ಕೊಟ್ಟಾಗ ಲಿಂಗನಮಕ್ಕಿಯ ನೀರನ್ನು ಬೇಸಿಗೆಗೆ ಉಳಿಸಿಕೊಳ್ಳಬಹುದು.

ಮನೆ ಮಾಡಿನ ಮೇಲೆ ಸಣ್ಣದೊಂದು ಹಾಕಬಹುದಾ? ಮಳೆಗಾಲದಲ್ಲಿ ಮರ ಬಿದ್ದು ವಾರಗಟ್ಟಲೆ ಕರೆಂಟ್ ಇರಲ್ಲ.

ಲೆಕ್ಕ ನೋಡಿ, ಆಮೇಲೆ ನೀವೇ ಹೇಳಿ. ಒಂದು ಮೀಟರ್ ವ್ಯಾಸದ ಯಂತ್ರ. ಅದು ಗಾಳಿಯ ಶಕ್ತಿಯಲ್ಲಿ ಶೇ 30 ಹಿಡಿಯುತ್ತದೆ ಅಂತ ಇಟ್ಟುಕೊಳ್ಳಿ. ಗಾಳಿ ಸೆಕೆಂಡಿಗೆ 3 ಮೀಟರ್ ಇದ್ದರೆ ಸಿಗುವುದು 4 ವಾಟ್. 6 ಮೀಟರ್ ಇದ್ದರೆ 30 ವಾಟ್. 12 ಇದ್ದರೆ 240 ವಾಟ್. ಗಾಳಿ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು. ಮಾರುವವರು ಡಬ್ಬಿಯ ಮೇಲೆ ಬರೆಯುವುದು ಆ ಕೊನೆಯ ಅಂಕಿ. ನಿಮ್ಮ ಮಾಡಿನ ಮೇಲೆ ವರ್ಷದ ಹೆಚ್ಚು ದಿನ ಇರುವುದು ಮೊದಲನೆಯದು.

ಸುತ್ತ ಅಡಿಕೆ, ತೆಂಗು ಇದ್ದರೆ ಕೇಳುವುದೇ ಬೇಡ. ಸುತ್ತ ನೂರು ಮೀಟರ್ ಒಳಗಿನ ಎಲ್ಲ ಮರಕ್ಕಿಂತ ರೆಕ್ಕೆ ಹತ್ತು ಮೀಟರ್ ಮೇಲಿರಬೇಕು ಅನ್ನುವುದು ವಾಡಿಕೆ. ಹೆಂಚಿನ ಮಾಡಿಗೆ ಕಟ್ಟಿದರೆ ನಡುಕಕ್ಕೆ ಹೆಂಚು ಜಾರುತ್ತದೆ. ಮನೆ ಹತ್ತಿರ ಮಳೆಗಾಲದಲ್ಲಿ ಬೀಳುವ ಹಳ್ಳ ಇದ್ದರೆ ಪಿಕೋ ಹೈಡ್ರೋ, ಅಂದರೆ ಹಳ್ಳದ ನೀರಿನಿಂದ ಒಂದು ಮನೆಗೆ ಕರೆಂಟ್ ಮಾಡುವ ಸಣ್ಣ ಯಂತ್ರ, ಕೇಳಿ ನೋಡಿ. ಮಲೆನಾಡಿನ ಎಷ್ಟೋ ಒಂಟಿಮನೆಗಳಲ್ಲಿ ಅದು ದೀಪ ಉರಿಸಿದೆ.

ತೋಟಕ್ಕೆ ನೀರೆತ್ತುವ ಹಳೇ ವಿಂಡ್‌ಮಿಲ್?

ಅದರ ಕಥೆ ದೊಡ್ಡದು. 1854ರಲ್ಲಿ ಅಮೆರಿಕದ ಡೇನಿಯಲ್ ಹಾಲಡೇ ಗಾಳಿಗೆ ತಾನೇ ತಿರುಗಿ, ಜೋರಾದರೆ ತಾನೇ ತಗ್ಗುವ ಪಂಪ್ ವಿಂಡ್‌ಮಿಲ್ ಮಾಡಿದರು. ನಮ್ಮಲ್ಲೂ ಬೆಂಗಳೂರಿನ ಎನ್‌ಎಎಲ್ (ವಿಮಾನ ಸಂಶೋಧನೆಯ ಸರ್ಕಾರಿ ಪ್ರಯೋಗಾಲಯ) 1960ರ ದಶಕದಲ್ಲಿ ಒಂದು ವಿನ್ಯಾಸ ಮಾಡಿತ್ತು. ಆದರೆ ನಮ್ಮ ತೋಟಕ್ಕೆ ನೀರು ಬೇಕಾದದ್ದು ಫೆಬ್ರವರಿಯಿಂದ ಏಪ್ರಿಲ್. ಗಾಳಿ ಬೀಸುವುದು ಆಷಾಢದಲ್ಲಿ. ಆಗ ತೋಟದಿಂದ ನೀರು ಹೊರಗೆ ಹಾಕುವುದೇ ಕೆಲಸ. ಸೋಲಾರ್ ಪಂಪ್ ಹಾಕಿಸಿ.

ನೆಟ್ಟಗೆ ನಿಂತು ತಿರುಗುವ ಯಂತ್ರ, ರೆಕ್ಕೆಯೇ ಇಲ್ಲದ ಯಂತ್ರ, ಗಾಳಿಪಟ ಯಂತ್ರ... ಮೊಬೈಲ್‌ನಲ್ಲಿ ದಿನಾ ಬರುತ್ತವೆ.

ಡ್ರಮ್ ಸೀಳಿ ಮಾಡುವುದು ಸವೋನಿಯಸ್ ಮಾದರಿ, ಫಿನ್‌ಲ್ಯಾಂಡಿನದು. ಬಿಲ್ಲಿನಂತೆ ಬಾಗಿದ ರೆಕ್ಕೆಯದು ಫ್ರಾನ್ಸಿನ ಡಾರಿಯೂಸ್ ಮಾದರಿ. ಎರಡೂ 1920ರ ದಶಕದವು, ಹೊಸದಲ್ಲ. ಗಾಳಿ ಯಾವ ಕಡೆಯಿಂದ ಬಂದರೂ ಆಯಿತು, ಜನರೇಟರ್ ನೆಲದಲ್ಲೇ ಇಡಬಹುದು. ಕೆನಡಾದಲ್ಲಿ 110 ಮೀಟರ್ ಎತ್ತರದ ಡಾರಿಯೂಸ್ ಯಂತ್ರವನ್ನೇ ಕಟ್ಟಿದ್ದರು. ಪ್ರತಿ ಸುತ್ತಿನಲ್ಲೂ ರೆಕ್ಕೆ ಒಮ್ಮೆ ಗಾಳಿಗೆ ಎದುರು, ಒಮ್ಮೆ ಬೆನ್ನು. ಆ ಎಳೆತಕ್ಕೆ ಬೇರಿಂಗ್ ಸೋಲುತ್ತದೆ. 1993ರಲ್ಲಿ ಅದು ನಿಂತಿತು. ಗಾಳಿಪಟದ ಯಂತ್ರಕ್ಕೆ ಗೂಗಲ್ ಬಳಗವೇ ದುಡ್ಡು ಹಾಕಿತ್ತು. ಮಕಾನಿ ಎಂಬ ಆ ಕಂಪನಿ 2020ರಲ್ಲಿ ಮುಚ್ಚಿತು. ರೆಕ್ಕೆಯಿಲ್ಲದೆ ಅಲುಗಾಡುವ ಕಂಬದ್ದು ನೋಡೋಕೆ ಚೆಂದ. ಆದರೆ ಅದು ಹಿಡಿಯುವ ಗಾಳಿ ಕಂಬದಷ್ಟೇ ಅಗಲ, ಅಲ್ವಾ?

ಸದ್ದು ಕಡಿಮೆ ಮಾಡಲು ಗೂಬೆಯಿಂದ ಕಲಿತರಂತೆ?

ಹೌದು. ಗೂಬೆಯ ರೆಕ್ಕೆಯ ಹಿಂಬದಿ ಅಂಚು ಜಾಲರಿಯಂತೆ ಬಿಡಿಬಿಡಿ. ಹಾರಿದರೆ ಸದ್ದೇ ಇಲ್ಲ. ಅದನ್ನು ನೋಡಿ ಯಂತ್ರದ ರೆಕ್ಕೆಯ ಹಿಂಬದಿಗೆ ಗರಗಸದ ಹಲ್ಲಿನಂಥ ಪಟ್ಟಿ ಅಂಟಿಸುತ್ತಾರೆ. ಎರಡು ಮೂರು ಡೆಸಿಬೆಲ್ ಇಳಿಯುತ್ತದೆ.

ಹಳೇ ರೆಕ್ಕೆ ಏನು ಮಾಡುತ್ತಾರೆ?

ಇಷ್ಟು ದಿನ ಹೂಳುವುದೋ ಸಿಮೆಂಟ್ ಗೂಡಿನಲ್ಲಿ ಸುಡುವುದೋ ಆಗಿತ್ತು. ಫೈಬರ್ ಗ್ಲಾಸನ್ನು ಅಂಟಿಸಿದ ರಾಳ ಒಮ್ಮೆ ಗಟ್ಟಿಯಾದರೆ ಮತ್ತೆ ಕರಗುವುದಿಲ್ಲ. 2021ರಲ್ಲಿ ಸೀಮೆನ್ಸ್ ಗಮೇಸಾ ಕಂಪನಿ ಆಮ್ಲದಲ್ಲಿ ಬಿಡಿಸಬಹುದಾದ ರಾಳದ ರೆಕ್ಕೆ ತಂದಿತು. ಸ್ವೀಡನ್‌ನಲ್ಲಿ 105 ಮೀಟರಿನ ಕಂಬವನ್ನೇ ಮರದ ಪದರ ಅಂಟಿಸಿ ಕಟ್ಟಿದ್ದಾರೆ. ನಮ್ಮ ಮಳೆ, ಗೆದ್ದಲಿಗೆ ಅದು ಬೇಡ.

ನಾನೊಂದು ಹೊಸ ಉಪಾಯ ಮಾಡಿದ್ದೇನೆ. ಪೇಟೆಂಟ್ ಸಿಗುತ್ತದಾ?

ಹೊಸದಾಗಿದ್ದರೆ, ಉಪಯೋಗ ಇದ್ದರೆ, ಆ ಕೆಲಸ ಬಲ್ಲವರಿಗೆ ಸುಲಭವಾಗಿ ಹೊಳೆಯುವಂಥದ್ದಲ್ಲದಿದ್ದರೆ ಸಿಗುತ್ತದೆ. ಅರ್ಜಿ ಹಾಕಿದ ದಿನದಿಂದ 20 ವರ್ಷ. ಕರ್ನಾಟಕದವರಿಗೆ ಚೆನ್ನೈ ಕಚೇರಿ. ಪ್ರಕೃತಿ ನಿಯಮಕ್ಕೆ ವಿರುದ್ಧವಾದದ್ದಕ್ಕೆ ಸಿಗುವುದಿಲ್ಲ ಅಂತ ಕಾಯಿದೆಯ 3ನೇ ಸೆಕ್ಷನ್ನಿನ ಮೊದಲ ಸಾಲೇ ಹೇಳುತ್ತದೆ. ಹಾಗಾಗಿ "ಫ್ಯಾನಿನಿಂದ ಟರ್ಬೈನ್, ಟರ್ಬೈನಿನಿಂದ ಫ್ಯಾನ್" ಬಿಟ್ಟುಬಿಡಿ. ಮುಖ್ಯವಾದ ಮಾತು: ಎಕ್ಸಿಬಿಷನ್‌ನಲ್ಲಿ ಇಡುವ ಮೊದಲು, ವಿಡಿಯೋ ಹಾಕುವ ಮೊದಲು ತಾತ್ಕಾಲಿಕ ಅರ್ಜಿ ಹಾಕಿ. ಪೂರ್ತಿ ವಿವರ ಕೊಡಲು 12 ತಿಂಗಳು ಸಿಗುತ್ತದೆ. ಮೊದಲೇ ಎಲ್ಲರಿಗೂ ತೋರಿಸಿದರೆ ಅದು ಹೊಸದು ಅನ್ನಿಸಿಕೊಳ್ಳುವುದಿಲ್ಲ.

ಕೊನೇ ವರ್ಷದ ಪ್ರಾಜೆಕ್ಟ್‌ಗೆ ಏನು ಮಾಡಲಿ ಸರ್?

ದಯವಿಟ್ಟು ಇನ್ನೊಂದು ಸವೋನಿಯಸ್ ಡ್ರಮ್ ಬೇಡ. ಮಳೆಯ ಪೆಟ್ಟಿನ ಪರೀಕ್ಷೆ ಮಾಡಿ. ಒಂದು ಮೋಟರ್, ಒಂದು ಉದ್ದ ತೋಳು, ತೋಳಿನ ತುದಿಗೆ ಬೇರೆ ಬೇರೆ ಪೇಂಟು ಬಳಿದ ಫೈಬರ್ ತುಂಡು, ಮೇಲಿಂದ ಸಮವಾಗಿ ಹನಿ ಬೀಳುವ ಪೈಪು. ಪ್ರಯೋಗಾಲಯಗಳಲ್ಲೂ ತತ್ವ ಇದೇ. ತುಂಡನ್ನು ಮೊದಲೂ ಆಮೇಲೂ ತೂಗಿ, ಗಂಟೆಗೊಮ್ಮೆ ಫೋಟೋ ತೆಗೆಯಿರಿ. ಯಾವ ಪೇಂಟು ಎಷ್ಟು ಹೊತ್ತು ತಾಳಿತು ಅಂತ ಒಂದು ಗ್ರಾಫ್ ಬಂದರೆ ಸಾಕು. ತಿರುಗುವ ತೋಳಿನ ಸುತ್ತ ಗಟ್ಟಿ ಕಬ್ಬಿಣದ ಗಾರ್ಡ್ ಕೂರಿಸದೆ ಮಾತ್ರ ಸ್ವಿಚ್ ಮುಟ್ಟಬೇಡಿ. ತುಂಡು ಕಿತ್ತು ಬಂದರೆ ಗುಂಡಿನ ಹಾಗೆ ಬರುತ್ತದೆ.